ಹೈಸ್ಕೂಲಿನ ದೆವ್ವಗಳು: ಯಾವುದನ್ನು ಯಾರ ಕೈಗೆ ಕೊಡುವುದು?

ದೆವ್ವದ ಕಥೆ ಬೇಕು, ಆದರೆ ಪಾಳುಬಿದ್ದ ಬಂಗಲೆಯದು ಬೇಡ. ಶಾಲೆಯಲ್ಲೇ ನಡೆಯಬೇಕು, ಹಿಡಿದರೆ ಕೆಳಗಿಡಲು ಮನಸ್ಸಾಗಬಾರದು. ಹೀಗೆ ಕೇಳಿಕೊಂಡು ಬರುವವರಲ್ಲಿ ಒಂಬತ್ತನೆಯ ತರಗತಿಯಿಂದ ಪಿಯುಸಿವರೆಗಿನ ಮಕ್ಕಳು ಅರ್ಧ, ಅವರ ತಂದೆ ತಾಯಂದಿರು ಇನ್ನರ್ಧ. ದೊಡ್ಡವರ ಸಂಕಟವೇ ಬೇರೆ: ಪುಸ್ತಕವನ್ನೇ ಮರೆತಿದ್ದ ಹುಡುಗ ತಾನಾಗಿ ಕೇಳುತ್ತಿದ್ದಾನೆ, ಕೊಡಿಸದಿದ್ದರೆ ಮತ್ತೆ ಮೊಬೈಲಿಗೆ ಮರಳುತ್ತಾನೆ, ಕೊಡಿಸಿದರೆ ರಾತ್ರಿ ಬಚ್ಚಲಿಗೆ ಹೋಗಲೂ ಜೊತೆಗೆ ಯಾರಾದರೂ ಬೇಕೆನ್ನುತ್ತಾನೆ. ಎಲ್ಲರ ಕೈಯಲ್ಲೂ ಹೆಚ್ಚುಕಡಿಮೆ ಅದೇ ಹೆಸರುಗಳ ಪಟ್ಟಿ. ಮುಖಪುಟಗಳಲ್ಲಿ ಅದೇ ಕತ್ತಲು, ಬೆನ್ನುಡಿಗಳಲ್ಲಿ ಅದೇ ಉತ್ಪ್ರೇಕ್ಷೆ. ಒಳಗೆ ಮಾತ್ರ ಒಂದರ ದಾರಿ ಒಂದಕ್ಕಿಲ್ಲ.

ಪುಸ್ತಕಗಳಿಗೆ ಹೋಗುವ ಮೊದಲು ನನ್ನ ಅಳತೆಗೋಲುಗಳನ್ನು ಹೇಳಿಬಿಡುತ್ತೇನೆ.

ಮೊದಲನೆಯದು, ಶಾಲೆ. ಕಥೆಯಿಂದ ಶಾಲೆಯನ್ನು ಕಿತ್ತು ಪಕ್ಕಕ್ಕಿಟ್ಟರೆ ಕಥೆ ನಿಲ್ಲುತ್ತದೆಯೇ? ನಿಲ್ಲುವುದಾದರೆ ಅಲ್ಲಿ ಶಾಲೆ ಬರೀ ಪರದೆ. ಈ ಬಗೆಯ ಒಳ್ಳೆಯ ಕಾದಂಬರಿಗಳಲ್ಲಿ ನಿಜವಾಗಿ ಹೆದರಿಸುವುದು ದೆವ್ವವಲ್ಲ ಎನ್ನುವುದು ನನ್ನ ಅಭಿಪ್ರಾಯ. ಮಧ್ಯಾಹ್ನದ ಊಟಕ್ಕೆ ಯಾರ ಪಕ್ಕ ಕೂರುವುದು, ಯಾರು ನನ್ನನ್ನು ಕಂಡು ಪಿಸುಗುಟ್ಟಿ ನಕ್ಕರು ಎಂಬ ಭಯವಿದೆಯಲ್ಲ, ಅದನ್ನು ಮೀರಿಸುವ ಭೂತವನ್ನು ನಾನು ಇನ್ನೂ ಕಂಡಿಲ್ಲ.

ಎರಡನೆಯದು, ಅತೀಂದ್ರಿಯಕ್ಕೆ ಕಟ್ಟುಪಾಡು ಇದೆಯೇ ಎಂಬುದು. ತೊಂಬತ್ತರ ದಶಕದಲ್ಲಿ ನಮ್ಮ ಊರುಕೇರಿಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ನೆನಪಿಸಿಕೊಳ್ಳಿ. ರಾತ್ರಿ ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕರೆಯುವ ಆ ದೆವ್ವಕ್ಕೆ ಓದಲು ಬರುತ್ತಿತ್ತು, ಬರೆದದ್ದನ್ನು ಪಾಲಿಸುವ ವಿಧೇಯತೆಯಿತ್ತು, ನಿನ್ನೆ ಓದಿದ್ದು ಮಾತ್ರ ನೆನಪಿರುತ್ತಿರಲಿಲ್ಲ. ಎಷ್ಟು ಅಚ್ಚುಕಟ್ಟಾದ ನಿಯಮ! ಥ್ರಿಲ್ಲರಿಗೆ ಬೇಕಾದದ್ದು ಇದೇ. ಏನು ಬೇಕಾದರೂ ಮಾಡಬಲ್ಲ ದೆವ್ವದ ಎದುರು ಕುತೂಹಲ ಸತ್ತುಹೋಗುತ್ತದೆ. ತನ್ನದೇ ಕಟ್ಟಳೆಗೆ ಸಿಕ್ಕಿಬಿದ್ದ ದೆವ್ವದ ಎದುರು ಮಾತ್ರ ತಲೆ ಓಡಿಸಲು ಜಾಗವಿರುತ್ತದೆ.

ಮೂರನೆಯದು, ಗಾಯದ ಬಗೆ. ತಂದೆ ತಾಯಂದಿರು ರಕ್ತಕ್ಕೆ ಹೆದರುತ್ತಾರೆ. ರಕ್ತ ಮಕ್ಕಳನ್ನು ಅಷ್ಟೊಂದು ಕಾಡುವುದಿಲ್ಲ. ಅವಮಾನದ ದೃಶ್ಯಗಳು ಕಾಡುತ್ತವೆ, ಆತ್ಮಹತ್ಯೆಯ ಪ್ರಸಂಗಗಳು ಕಾಡುತ್ತವೆ. ಕೊನೆಯದು ಭಾಷೆ, ಗಾತ್ರ, ಜೇಬು. ಇವನ್ನೆಲ್ಲ ನಾವು ಇಂಗ್ಲಿಷಿನಲ್ಲಿ ಓದುವವರಾದ್ದರಿಂದ ವಾಕ್ಯಗಳು ಎಷ್ಟು ಸಲೀಸು ಎನ್ನುವುದನ್ನೂ ತೂಗಿದ್ದೇನೆ. ಅಂದ ಹಾಗೆ, ಅಮೆರಿಕದ ಹೈಸ್ಕೂಲು ಎಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿ. ನಮ್ಮ ಪಿಯುಸಿ ಅದರೊಳಗೇ ಬಂದುಬಿಡುತ್ತದೆ. ‘ಹೈಸ್ಕೂಲು ಕಥೆ’ ಎಂದು ಎಂಟನೆಯ ತರಗತಿಯ ಮಗುವಿಗೆ ತಂದುಕೊಟ್ಟು ಆಮೇಲೆ ಕೈ ಹಿಸುಕಿಕೊಳ್ಳುವವರು ಇದನ್ನು ಗಮನಿಸಬೇಕು.

ಮೂಲಪುರುಷ, ಅಥವಾ ಮೂಲಸ್ತ್ರೀ

ಸ್ಟೀಫನ್ ಕಿಂಗ್ ಅವರ ‘ಕ್ಯಾರಿ’ 1974ರಲ್ಲಿ ಬಂತು. ಅಚ್ಚಾದ ಅವರ ಮೊದಲ ಕಾದಂಬರಿ. ಅದನ್ನು ಬರೆಯುವಾಗ ಅವರು ಅಮೆರಿಕದ ಮೇನ್ ರಾಜ್ಯದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು. ಬರೆದ ಮೊದಲ ಪುಟಗಳನ್ನು ಕಸದ ಬುಟ್ಟಿಗೆ ಹಾಕಿದ್ದರು, ಹೆಂಡತಿ ಟ್ಯಾಬಿತಾ ಅವನ್ನು ಎತ್ತಿ ಓದಿ, ಮುಂದೇನಾಯಿತು ಹೇಳಿ ಎಂದದ್ದರಿಂದ ಪುಸ್ತಕ ಉಳಿಯಿತು. ಮೇಷ್ಟರು ಬರೆದದ್ದೆಂಬುದು ಪುಟಪುಟದಲ್ಲೂ ಗೊತ್ತಾಗುತ್ತದೆ. ಯಾವ ಹುಡುಗಿ ಮೊದಲು ನಗುತ್ತಾಳೆ, ಯಾರು ಅವಳನ್ನು ನೋಡಿ ನಗುತ್ತಾರೆ, ಯಾರಿಗೆ ನಗು ಬರದಿದ್ದರೂ ನಗದೆ ವಿಧಿಯಿಲ್ಲ ಎನ್ನುವ ಲೆಕ್ಕ ಅವರಿಗೆ ಕರತಲಾಮಲಕ.

ಹದಿನಾರರ ಕ್ಯಾರಿ ವೈಟ್‌ಳ ತಾಯಿಗೆ ಧರ್ಮದ ಹುಚ್ಚು. ಮಗಳಿಗೆ ಮೈನೆರೆಯುವುದರ ಬಗ್ಗೆ ಒಂದು ಮಾತೂ ಹೇಳಿಲ್ಲ. ಶಾಲೆಯ ಸ್ನಾನದ ಕೋಣೆಯಲ್ಲಿ ಮೊದಲ ಮುಟ್ಟು ಬಂದಾಗ ಸಾಯುತ್ತಿದ್ದೇನೆಂದು ಆ ಹುಡುಗಿ ಚೀರುತ್ತಾಳೆ. ಉಳಿದವರು ಪ್ಯಾಡುಗಳನ್ನು ಎಸೆದು ಕೇಕೆ ಹಾಕುತ್ತಾರೆ. ಪುಸ್ತಕ ಶುರುವಾಗುವುದೇ ಹೀಗೆ. ಮುಟ್ಟದೆ ವಸ್ತುಗಳನ್ನು ಕದಲಿಸುವ ಅವಳ ಶಕ್ತಿ ಎಚ್ಚರವಾಗುವುದೂ ಅಲ್ಲೇ. ವರ್ಷದ ಕೊನೆಯಲ್ಲಿ ‘ಪ್ರಾಮ್’ ಎಂಬ ನೃತ್ಯಕೂಟ. ಅಲ್ಲಿ ಏನೋ ಘೋರ ನಡೆಯಲಿದೆ ಎಂಬುದನ್ನು ಕಿಂಗ್ ಮುಚ್ಚಿಡುವುದಿಲ್ಲ. ಪತ್ರಿಕಾ ವರದಿ, ವಿಚಾರಣಾ ಆಯೋಗದ ಹೇಳಿಕೆ, ಯಾರದೋ ಆತ್ಮಕಥೆಯ ತುಣುಕುಗಳನ್ನು ನಡುನಡುವೆ ಸೇರಿಸುತ್ತಾ ಮೊದಲೇ ಹೇಳಿಬಿಡುತ್ತಾರೆ. ಗೊತ್ತಿದ್ದೂ ಓಡುತ್ತೇವೆ. ಇದು ಕಳ್ಳನನ್ನು ಹುಡುಕುವ ಓದಲ್ಲ, ರೈಲು ಹಳಿ ತಪ್ಪುವುದನ್ನು ದೂರದಿಂದ ನೋಡುವ ಓದು.

ಶಾಲೆಯ ಅಳತೆಯಲ್ಲಿ ಇದಕ್ಕೆ ಪೂರ್ತಿ ಅಂಕ. ಗಾತ್ರದಲ್ಲೂ ಕಿಂಗ್ ಅವರ ಉಳಿದ ಇಟ್ಟಿಗೆಗಳ ಮುಂದೆ ಚಿಕ್ಕದು. ಜೇಬಿಗೂ ಹಗುರ: ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಲ್ಲಿ ಕಿಂಗ್ ಸಿಗದ ದಿನವಿಲ್ಲ. ಆದರೆ ಇದನ್ನು ದೊಡ್ಡವರಿಗೆಂದೇ ಬರೆದದ್ದು. ಬೈಗುಳ, ಲೈಂಗಿಕ ಪ್ರಸಂಗ, ತಾಯಿಯ ಕ್ರೌರ್ಯ ಯಾವುದಕ್ಕೂ ಮುಸುಕಿಲ್ಲ. ಅಮೆರಿಕದ ಕೆಲವು ಶಾಲಾ ಗ್ರಂಥಾಲಯಗಳು ಇದನ್ನು ಹೊರಗಿಟ್ಟದ್ದೂ ಇದೆ. ಹದಿನಾರಕ್ಕೆ ಮುಂಚೆ ನಾನು ಕೊಡುವುದಿಲ್ಲ. ತರಗತಿಯಲ್ಲಿ ಈಗ ಅವಮಾನ ಉಣ್ಣುತ್ತಿರುವ ಮಗುವಿಗಂತೂ ಹದಿನಾರಾದರೂ ಕೊಡುವುದಿಲ್ಲ. ಅಂಥವರಿಗೆ ಕ್ಯಾರಿಯ ಸೇಡು ಸಮಾಧಾನದಂತೆ ಕಾಣಿಸಬಹುದು, ಆ ಸೇಡಿನಲ್ಲಿ ಅವಳಿಗೂ ಏನೂ ಉಳಿಯಲಿಲ್ಲ ಎಂಬುದು ಕಾಣದೆ ಹೋಗಬಹುದು.

ಕಾಡಿದವರ ಕಡೆಯಿಂದ

ಇದೇ ಕಥೆಯನ್ನು ಪ್ಯಾಡು ಎಸೆದ ಹುಡುಗಿಯ ಬಾಯಲ್ಲಿ ಹೇಳಿಸಿದರೆ? ಲಾರೆನ್ ಆಲಿವರ್ ಅವರ ಮೊದಲ ಕಾದಂಬರಿ ‘ಬಿಫೋರ್ ಐ ಫಾಲ್’ (2010) ಹತ್ತಿರ ಹತ್ತಿರ ಅದನ್ನೇ ಮಾಡುತ್ತದೆ. ಸಮಂತಾ ಕಿಂಗ್‌ಸ್ಟನ್ ಶಾಲೆಯ ಮೆರೆಯುವ ಗುಂಪಿನ ನಾಲ್ವರಲ್ಲಿ ಒಬ್ಬಳು. ಫೆಬ್ರುವರಿ 12, ಶಾಲೆಯಲ್ಲಿ ಗುಲಾಬಿ ಹಂಚುವ ದಿನ. ಯಾರಿಗೆ ಎಷ್ಟು ಗುಲಾಬಿ ಬಂತೆಂಬುದೇ ಅವರವರ ಬೆಲೆ. ಆ ರಾತ್ರಿ ಪಾರ್ಟಿಯಿಂದ ಮರಳುವಾಗ ಕಾರು ಅಪಘಾತವಾಗುತ್ತದೆ. ಕಣ್ಣು ಬಿಟ್ಟರೆ ಮತ್ತೆ ಅದೇ ಫೆಬ್ರುವರಿ 12ರ ಬೆಳಗ್ಗೆ. ಹೀಗೆ ಏಳು ಸಲ.

ದೆವ್ವವಿಲ್ಲ, ಮಂತ್ರವಿಲ್ಲ, ಯಾಕೆ ಹೀಗಾಯಿತೆಂಬ ವಿವರಣೆಯೂ ಇಲ್ಲ. ನಿಯಮ ಒಂದೇ: ಅವಳಿಗೆ ಮಾತ್ರ ನೆನಪಿರುತ್ತದೆ. ಅಷ್ಟರಿಂದಲೇ ಲೇಖಕಿ ಎಷ್ಟೊಂದು ತೆಗೆಯುತ್ತಾರೆ ಎಂದರೆ, ಮೊದಲ ದಿನ ತಮಾಷೆಯಾಗಿ ಕಂಡ ಒಂದು ಅಡ್ಡಹೆಸರು ನಾಲ್ಕನೆಯ ದಿನ ಓದುವಾಗ ಹೊಟ್ಟೆಯೊಳಗೆ ತಿರುಚಿದಂತಾಗುತ್ತದೆ. ಸಮಂತಾಳ ಗುಂಪು ಗೋಳುಹೊಯ್ದುಕೊಳ್ಳುವ ಜೂಲಿಯೆಟ್ ಎಂಬ ಹುಡುಗಿ ಮೊದಲ ದಿನ ಅಂಚಿನಲ್ಲಿ ಹಾದುಹೋಗುವವಳು. ದಿನಗಳು ಮರುಕಳಿಸುತ್ತ ಹೋದಂತೆ ಕಥೆಯ ನಡುವಿಗೆ ಬಂದು ನಿಲ್ಲುತ್ತಾಳೆ.

ತೊಡಕುಗಳಿವೆ. ಪುಸ್ತಕ ದಪ್ಪ, ನಾನೂರು ಪುಟ ಮೀರಿದ್ದು. ಆರಂಭದಲ್ಲಿ ಸಮಂತಾಳನ್ನು ಸಹಿಸುವುದು ಕಷ್ಟ. ‘ಇಂಥವಳ ಕಥೆ ನನಗೇಕೆ’ ಎಂದು ಮುಚ್ಚಿಟ್ಟವರನ್ನು ಬಲ್ಲೆ. ಆ ಅಸಹನೆಯನ್ನು ಲೇಖಕಿ ಬೇಕೆಂದೇ ಹುಟ್ಟಿಸಿದ್ದಾರೆ, ಎರಡನೆಯ ದಿನದ ತನಕ ತಡೆದುಕೊಳ್ಳಿ. ಕುಡಿತ, ಗೆರೆ ದಾಟುವ ಒಬ್ಬ ಮೇಷ್ಟರು, ಮುಖ್ಯವಾಗಿ ಆತ್ಮಹತ್ಯೆಯ ಎಳೆ – ಇವುಗಳಿಂದಾಗಿ ಇದೂ ಹದಿನಾರರ ಮೇಲಿನವರ ಪುಸ್ತಕ. ಇಂಗ್ಲಿಷ್ ಮಾತ್ರ ಆಡುಮಾತಿನಷ್ಟು ಸರಳ. ಒಂದೇ ಸಂಪುಟ, ಒಂದೇ ಖರ್ಚು. 2017ರಲ್ಲಿ ಸಿನಿಮಾ ಆಗಿದೆ. ಅದನ್ನು ಮೊದಲು ನೋಡಿದರೆ ಪುಸ್ತಕದ ಅರ್ಧ ಬಲ ಹೋಗುತ್ತದೆ. ಇಡೀ ಪಟ್ಟಿಯಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ನಾನು ಇಟ್ಟುಕೊಳ್ಳುವುದು ಇದನ್ನು.

ಜಪಾನಿನ ಎರಡು

ನಮ್ಮ ಮಕ್ಕಳು ‘ಠೂ ಬಿಡುವುದು’ ಎನ್ನುತ್ತಾರಲ್ಲ, ಅದನ್ನು ಇಡೀ ತರಗತಿ, ಮೇಷ್ಟರೂ ಸೇರಿ, ಒಂದು ವ್ರತದಂತೆ ಆಚರಿಸಿದರೆ ಹೇಗಿರುತ್ತದೆ? ಯುಕಿತೊ ಅಯತ್ಸುಜಿ ಅವರ ‘ಅನದರ್’ (2009) ಕಾದಂಬರಿಯ ತಿರುಳು ಅದು. 1998ರಲ್ಲಿ ಕೊಯಿಚಿ ಎಂಬ ಹುಡುಗ ಸಣ್ಣ ಊರಿನ ಶಾಲೆಗೆ ಸೇರುತ್ತಾನೆ. ತರಗತಿಯಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ಮೇ ಎಂಬ ಹುಡುಗಿ. ಅವಳನ್ನು ಯಾರೂ ಮಾತನಾಡಿಸುವುದಿಲ್ಲ, ಯಾರೂ ನೋಡುವುದೂ ಇಲ್ಲ, ಅವಳು ಇಲ್ಲವೇ ಇಲ್ಲವೆಂಬಂತೆ ಪಾಠ ನಡೆಯುತ್ತದೆ. ಇಪ್ಪತ್ತಾರು ವರ್ಷಗಳ ಹಿಂದೆ ಅದೇ ತರಗತಿಯ ಎಲ್ಲರ ಮೆಚ್ಚಿನ ವಿದ್ಯಾರ್ಥಿಯೊಬ್ಬ ಸತ್ತಾಗ, ಸಹಪಾಠಿಗಳು ಅವನಿನ್ನೂ ಬದುಕಿದ್ದಾನೆಂದು ನಟಿಸಿದ್ದರು. ಆಮೇಲೆ ಆ ತರಗತಿಗೆ ಶಾಪ ತಗುಲಿತು: ಕೆಲವು ವರ್ಷ ಅಲ್ಲಿ ಒಬ್ಬರು ಹೆಚ್ಚಿಗೆ ಇರುತ್ತಾರೆ, ಆ ಒಬ್ಬರು ಸತ್ತವರು, ಯಾರೆಂಬುದು ಅವರಿಗೂ ಗೊತ್ತಿಲ್ಲ, ಹಾಜರಿ ಪುಸ್ತಕ, ಎಲ್ಲರ ನೆನಪು ಎಲ್ಲವೂ ಅದಕ್ಕೆ ತಕ್ಕಂತೆ ಬದಲಾಗಿರುತ್ತವೆ. ಹಾಗಾದ ವರ್ಷ ಸಾವುಗಳು ಸಾಲುಗಟ್ಟುತ್ತವೆ.

ಅಯತ್ಸುಜಿ ಮೂಲತಃ ಪತ್ತೇದಾರಿ ಕಾದಂಬರಿಕಾರರು. ಹಾಗಾಗಿ ಹೆಚ್ಚಿಗೆ ಇರುವವರು ಯಾರೆಂಬ ಒಗಟಿಗೆ ಸುಳಿವುಗಳನ್ನು ಪ್ರಾಮಾಣಿಕವಾಗಿ ಮುಂದಿಟ್ಟಿದ್ದಾರೆ. ನಿಯಮದ ಅಳತೆಯಲ್ಲಿ ಉಳಿದವು ಇದರ ಹತ್ತಿರಕ್ಕೂ ಬರುವುದಿಲ್ಲ, ಶಾಲೆಯ ಅಳತೆಯಲ್ಲಿ ‘ಕ್ಯಾರಿ’ಗೆ ಸರಿಸಮ. ನಿಜ ಹೇಳಬೇಕೆಂದರೆ ಇದು ಹೈಸ್ಕೂಲಲ್ಲ. ಜಪಾನಿನ ಮಾಧ್ಯಮಿಕ ಶಾಲೆಯ ಕೊನೆಯ ವರ್ಷ, ನಮ್ಮ ಒಂಬತ್ತು–ಹತ್ತನೆಯ ತರಗತಿಯ ವಯಸ್ಸು. ಅರ್ಧ ಪುಸ್ತಕ ನಿಧಾನವಾಗಿ ತೆವಳುತ್ತದೆ. ಸಾವುಗಳು ಭೀಕರ, ಒಂದು ಕೊಡೆಯ ಪ್ರಸಂಗ ಓದಿದ ಮೇಲೆ ಮಳೆಗಾಲದಲ್ಲಿ ಮೆಟ್ಟಿಲಿಳಿಯುವಾಗ ನಾನು ಕೊಡೆಯನ್ನು ನೋಡುವ ಬಗೆಯೇ ಬದಲಾಗಿದೆ. ರಕ್ತಕ್ಕೆ ಅಂಜದ, ಒಗಟು ಬಿಡಿಸುವ ಚಪಲದ ಹದಿನೈದರ ಮೇಲಿನವರಿಗೆ ಇದು ಹಬ್ಬ. ಓದುವ ತಾಳ್ಮೆ ಇಲ್ಲದಿದ್ದರೆ 2012ರ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಧಾರಾವಾಹಿ ಇದೆ, ಹನ್ನೆರಡು ಕಂತು. ಆದರೆ ಕಣ್ಣಿಗೆ ಕಾಣುವ ರಕ್ತ ಅಲ್ಲಿ ಇನ್ನೂ ಹೆಚ್ಚು.

‘ಡೆತ್ ನೋಟ್’ ಬಗ್ಗೆ ನಾನು ಹೇಳುವುದಕ್ಕಿಂತ ನಿಮ್ಮ ಮಗನೇ ಹೆಚ್ಚು ಹೇಳಿಯಾನು. ತ್ಸುಗುಮಿ ಓಬಾ ಬರೆದು ತಕೇಶಿ ಓಬಾತಾ ಚಿತ್ರಿಸಿದ ಈ ಮಂಗಾ, ಅಂದರೆ ಜಪಾನಿ ಚಿತ್ರಕಥೆ, 2003ರಿಂದ 2006ರವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಲೈಟ್ ಯಾಗಮಿ ಓದಿನಲ್ಲಿ ದೇಶಕ್ಕೇ ಮುಂದಿರುವ ಹುಡುಗ, ಬದುಕು ಬೇಸರ. ಸಾವಿನ ದೇವತೆಯೊಂದು ಬೀಳಿಸಿದ ನೋಟ್‌ಬುಕ್ ಅವನಿಗೆ ಸಿಗುತ್ತದೆ. ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಸರು ಬರೆದರೆ, ಕಾರಣ ಬರೆಯದಿದ್ದರೆ, ನಲವತ್ತು ಸೆಕೆಂಡಿಗೆ ಹೃದಯಾಘಾತ. ನಿಯಮದ ಮೇಲೆ ನಿಯಮ, ನಿಯಮದೊಳಗೆ ಕಳ್ಳಕಿಂಡಿ, ಅವನನ್ನು ಹಿಡಿಯಲು ಬರುವ ಎಲ್ ಎಂಬ ವಿಚಿತ್ರ ಪತ್ತೇದಾರ. ಬಾಡಿಗೆ ಲೈಬ್ರರಿಗಳಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ದಿನಕ್ಕೊಂದರಂತೆ ಮುಗಿಸಿದ ಅಜ್ಜನೂ ಕನ್ನಡಕ ಏರಿಸಿಕೊಂಡು ಕೂರಬಹುದಾದ ಬೆಕ್ಕು-ಇಲಿ ಆಟ.

ಶಾಲೆ? ಲೈಟ್ ಬೇಗನೆ ವಿಶ್ವವಿದ್ಯಾಲಯಕ್ಕೆ ಹೋಗಿಬಿಡುತ್ತಾನೆ. ಕಾರಿಡಾರಿನ ಭಯ, ಸಹಪಾಠಿಗಳ ಕಾಟ ಇಲ್ಲಿಲ್ಲ. ಹಾಗಾಗಿಯೇ ಹದಿನಾಲ್ಕರ ಹುಡುಗನಿಗೆ ಇದು ‘ಕ್ಯಾರಿ’ಗಿಂತ ಸುರಕ್ಷಿತ, ಹಿಂಸೆಯಿದೆ, ಆದರೆ ಅದು ಚದುರಂಗದ ಹಿಂಸೆ. ತೊಂದರೆ ಜೇಬಿನದು: ಹನ್ನೆರಡು ಸಂಪುಟ. ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಡಿ. ಮೊದಲ ಎರಡು ಕೊಡಿಸಿ, ಉಳಿದದ್ದನ್ನು ಗೆಳೆಯರ ಬಳಿ ಅದಲು ಬದಲು ಮಾಡಿಕೊಳ್ಳಲು ಬಿಡಿ. ಏಳನೆಯ ಸಂಪುಟದ ನಂತರ ಬಿಗಿ ಸಡಿಲುತ್ತದೆ ಎನ್ನುವುದು ನನ್ನ ತಕರಾರು. ಈ ಮಾತಿಗೆ ಮನೆಯಲ್ಲಿ ಜಗಳವಾಗುತ್ತದೆ, ಆಗಲಿ. ಬಲದಿಂದ ಎಡಕ್ಕೆ ಓದಬೇಕು. ಹತ್ತು ಪುಟಕ್ಕೆ ರೂಢಿಯಾಗುತ್ತದೆ. ಓದನ್ನೇ ಬಿಟ್ಟ ಮಗುವನ್ನು ಮತ್ತೆ ಪುಟಕ್ಕೆ ಎಳೆಯಲು ಇದಕ್ಕಿಂತ ಚುರುಕಾದದ್ದು ಪಟ್ಟಿಯಲ್ಲಿ ಇಲ್ಲ.

ಮೆಲ್ಲಗೆ ಹೆದರುವವರಿಗೆ

ಹದಿಮೂರು, ಹದಿನಾಲ್ಕರ ಮಕ್ಕಳಿಗೆ ಲೋಯಿಸ್ ಡಂಕನ್ ಅವರ ‘ಡೌನ್ ಎ ಡಾರ್ಕ್ ಹಾಲ್’ ಒಳ್ಳೆಯ ಬಾಗಿಲು. ಇದೂ 1974ರದೇ. ಕಿಟ್ ಎಂಬ ಹುಡುಗಿಯನ್ನು ದೂರದ ವಸತಿ ಶಾಲೆಗೆ ಸೇರಿಸುತ್ತಾರೆ. ಹೋಗಿ ನೋಡಿದರೆ ದೊಡ್ಡ ಮಹಲು, ವಿದ್ಯಾರ್ಥಿನಿಯರು ನಾಲ್ಕೇ ಜನ. ಕೆಲವೇ ವಾರಗಳಲ್ಲಿ, ಕುಂಚ ಹಿಡಿದು ಗೊತ್ತಿಲ್ಲದವಳು ಅದ್ಭುತ ಚಿತ್ರ ಬರೆಯುತ್ತಾಳೆ, ಇನ್ನೊಬ್ಬಳು ಕವಿತೆ ಬರೆಯುತ್ತಾಳೆ, ಕಿಟ್ ಬೆಳಗ್ಗೆ ಎದ್ದರೆ ಬೆರಳುಗಳು ನೋಯುತ್ತಿರುತ್ತವೆ. ಪ್ರತಿಭೆಯನ್ನು ಯಾರೋ ಬಲವಂತವಾಗಿ ತುಂಬುತ್ತಿದ್ದಾರೆ, ಅದಕ್ಕಾಗಿ ಮಕ್ಕಳ ಆರೋಗ್ಯ ಕರಗುತ್ತಿದೆ. ಪ್ರವೇಶ ಪರೀಕ್ಷೆಗೆಂದೇ ಹುಡುಗ ಹುಡುಗಿಯರನ್ನು ಕೂಡಿಹಾಕುವ ವಸತಿ ಕಾಲೇಜುಗಳನ್ನು ಕಂಡ ನಮಗೆ ಈ ಭಾಗ ಬೇರೆಯೇ ರೀತಿಯಲ್ಲಿ ತಾಗುತ್ತದೆ. ಇನ್ನೂರು ಪುಟಗಳ ಆಸುಪಾಸು, ಸರಳ ಭಾಷೆ, ರಕ್ತವಿಲ್ಲ, ಒಂದೇ ಪುಸ್ತಕ. ಮುಂದೆ ಲೇಖಕಿಯೇ ಮೊಬೈಲು ಮುಂತಾದವನ್ನು ಸೇರಿಸಿ ಪರಿಷ್ಕರಿಸಿದ ಆವೃತ್ತಿಯೂ ಬಂತು. ಹಳೆಯದು ಸಿಕ್ಕರೆ ಅದನ್ನೇ ಆರಿಸಿ, ಪತ್ರ ತಲುಪದ ಭಯದ ಮುಂದೆ ಸಿಗ್ನಲ್ ಸಿಗದ ಭಯ ಸಪ್ಪೆ. ಆದರೆ ‘ಅನದರ್’ ಓದಿ ಮುಗಿಸಿದ ಮಗುವಿಗೆ ಇದು ತೀರಾ ಮೆತ್ತಗೆನಿಸೀತು.

ಮೌರೀನ್ ಜಾನ್ಸನ್ ಅವರ ‘ದಿ ನೇಮ್ ಆಫ್ ದಿ ಸ್ಟಾರ್’ (2011) ನಗಿಸುತ್ತಾ ಹೆದರಿಸುತ್ತದೆ. ಲೂಯಿಸಿಯಾನಾದ ರೋರಿ ಲಂಡನ್ನಿನ ವಸತಿ ಶಾಲೆಗೆ ಸೇರುತ್ತಾಳೆ. ಅದೇ ಸಮಯಕ್ಕೆ ಯಾರೋ 1888ರ ಜ್ಯಾಕ್ ದಿ ರಿಪ್ಪರ್ ಕೊಲೆಗಳನ್ನು ದಿನಾಂಕ ತಪ್ಪದಂತೆ ಅನುಕರಿಸತೊಡಗುತ್ತಾರೆ. ಬೀದಿಬೀದಿಯಲ್ಲೂ ಸಿಸಿಟಿವಿ ಇರುವ ಊರು. ಆದರೂ ಕ್ಯಾಮೆರಾದಲ್ಲಿ ಕೊಲೆಗಾರ ಕಾಣುವುದಿಲ್ಲ. ಒಮ್ಮೆ ಊಟದ ತುತ್ತು ಗಂಟಲಿಗೆ ಸಿಕ್ಕಿ ಸಾವಿನ ಅಂಚಿಗೆ ಹೋಗಿ ಬಂದ ರೋರಿಗೆ ಮಾತ್ರ ಕಾಣುತ್ತಾನೆ. ಮನೆ ಬಿಟ್ಟು ಹೊಸ ಊರಿನ ಹಾಸ್ಟೆಲಿಗೆ ಹೊರಟ ಹುಡುಗಿಗೆ, ಅದರಲ್ಲೂ ವಿದೇಶದ ಶಾಲೆಗೆ ಸೇರಿದವಳಿಗೆ, ಇದು ಹೇಳಿ ಮಾಡಿಸಿದ್ದು. ಅಲ್ಲಿಯ ಊಟ, ಆಟ, ಮಾತಿನ ಧಾಟಿ ಅರ್ಥವಾಗದ ಪೇಚಾಟವೇ ಅರ್ಧ ಪುಸ್ತಕ. ಕೊಲೆಯ ವಿವರಗಳಿವೆಯಾದರೂ ಹದಿನಾಲ್ಕಕ್ಕೆ ಅಡ್ಡಿಯಿಲ್ಲ. ಮುಂದಿನ ಭಾಗಗಳೂ ಇವೆ, ಆದರೆ ಮೊದಲನೆಯದನ್ನಷ್ಟೇ ಓದಿ ನಿಲ್ಲಿಸಿದರೆ ನಷ್ಟವೇನಿಲ್ಲ.

ಪಟ್ಟಿಯಲ್ಲಿ ಸದಾ ಇರುವ ಇನ್ನೊಂದು ಹೆಸರು ಮ್ಯಾಗಿ ಸ್ಟೀಫ್‌ವಾಟರ್ ಅವರ ‘ದಿ ರೇವನ್ ಬಾಯ್ಸ್’ (2012). ಸೊಗಸಾದ ಗದ್ಯ, ಆದರೆ ನಾಲ್ಕು ಸಂಪುಟ, ನಡಿಗೆ ನಿಧಾನ, ಹುಡುಗರು ಕ್ಲಾಸಿಗೆ ಹೋಗುವುದೇ ಅಪರೂಪ. ಥ್ರಿಲ್ಲರ್ ಕೇಳಿದವರಿಗೆ ಇದನ್ನು ಕೊಡುವುದು ಖಾರ ಕೇಳಿದವರಿಗೆ ಪಾಯಸ ಬಡಿಸಿದಂತೆ. ಬೇಸಿಗೆ ರಜೆ ಪೂರ್ತಿ ಇದ್ದರೆ ನೋಡಿ.

ಇನ್ನು ಖರ್ಚಿನ ಮಾತು. ಕೈ ಬಿಗಿಯಿದ್ದರೆ ಹಳೆಯ ಪ್ರತಿಯ ‘ಕ್ಯಾರಿ’ ಅಥವಾ ಡಂಕನ್, ವಯಸ್ಸು ನೋಡಿಕೊಂಡು. ಒಂದು ಹೊಸ ಪುಸ್ತಕಕ್ಕೆ ಹಣವಿದ್ದರೆ ‘ಬಿಫೋರ್ ಐ ಫಾಲ್’. ‘ಅನದರ್’ ಅಂಗಡಿಯ ಕಪಾಟಿನಲ್ಲಿ ಸುಲಭಕ್ಕೆ ಕಾಣಿಸದು, ಹೇಳಿ ತರಿಸಬೇಕಾದೀತು. ಅಮೆರಿಕ, ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಊರಿನ ಸಾರ್ವಜನಿಕ ಗ್ರಂಥಾಲಯದ ಕಾರ್ಡು ಇದ್ದರೆ ಕೊಳ್ಳುವ ಪ್ರಶ್ನೆಯೇ ಬಾರದು.

ಎರಡರ ನಡುವೆ ಇನ್ನೂ ತೂಗಾಡುತ್ತಿದ್ದರೆ ಮೊದಲ ಮೂವತ್ತು ಪುಟ ನೀವೇ ಓದಿ. ‘ಕ್ಯಾರಿ’ ಬೇಕೋ ಬೇಡವೋ ಎಂಬುದು ಸ್ನಾನದ ಕೋಣೆಯ ದೃಶ್ಯಕ್ಕೇ ಗೊತ್ತಾಗುತ್ತದೆ, ಡಂಕನ್ ಆದರೆ ಆ ಮಹಲಿನ ಗೇಟು ದಾಟುವಷ್ಟರಲ್ಲಿ. ‘ಬಿಫೋರ್ ಐ ಫಾಲ್’ ಒಂದಕ್ಕೆ ಮಾತ್ರ ಈ ಉಪಾಯ ನಡೆಯದು. ಮೂವತ್ತು ಪುಟಕ್ಕೆ ಸಮಂತಾಳ ಮೇಲೆ ನಿಮಗೆ ಸಿಟ್ಟೇ ಬರುತ್ತದೆ. ಆಗ ಪುಸ್ತಕವನ್ನು ಅಂಗಡಿಗೆ ವಾಪಸು ಕೊಡಬೇಡಿ.